ಮಗ್ಗದ ಓಣಿಯ ಕಿವುಡು ಎಳೆ

ಕೆಂಗುಡ್ಡದ ಸರಕಾರಿ ಶಾಲೆಯಲ್ಲಿ ಎರಡನೆಯ ತಾಸು ನಡೆದಿತ್ತು. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯ ಹಸಿರು ದೀಪ ಹಳದಿಯಾಯಿತು. ಒಳಗಿನಿಂದ ಹೆಣ್ಣುದನಿಯೊಂದು ಅವಸರವಿಲ್ಲದೆ ಹೇಳಿತು: "ಶಾಲೆಯ ಹಿಂದಿನ ಬಂಡೆ ಸಡಿಲಾಗುತ್ತಿದೆ. ಹದಿನಾಲ್ಕು ನಿಮಿಷ ಸಮಯವಿದೆ. ಮುಂದಿನ ಬಾಗಿಲಿನಿಂದ ಪೇಟೆಯ ಕಡೆಗೆ ನಡೆಯಿರಿ."

ಮೂರನೆಯ ತರಗತಿಯ ಶಿಕ್ಷಕಿ ಓದುತ್ತಿದ್ದ ಸಾಲನ್ನು ಮುಗಿಸಿಯೇ ಪುಸ್ತಕ ಮಡಚಿದರು. ಮಕ್ಕಳು ಸಾಲಾಗಿ ನಿಂತರು. ಚಿಕ್ಕವು ಮುಂದಿನವರ ಅಂಗಿಯ ಚುಂಗು ಹಿಡಿದುಕೊಂಡವು. ಬುತ್ತಿ ಮರೆತ ಹುಡುಗಿಯೊಬ್ಬಳು "ಟೀಚರ್, ನಮ್ಮವ್ವ ಬೈತಾಳ್ರಿ" ಎಂದು ಮುಖ ಸಣ್ಣದು ಮಾಡಿದಾಗ ಶಿಕ್ಷಕಿ ಗಡಿಯಾರ ನೋಡಿ, "ಹೋಗು, ತಗೊಂಡು ಬಾ. ಓಡಬ್ಯಾಡ" ಎಂದರು. ಅಷ್ಟು ಸಮಯವಿತ್ತು.

ಹದಿಮೂರನೆಯ ನಿಮಿಷಕ್ಕೆ ಟ್ರ್ಯಾಕ್ಟರಿನಷ್ಟು ದೊಡ್ಡ ಕೆಂಪು ಬಂಡೆ ಗುಡ್ಡದಿಂದ ಕಳಚಿ, ಎರಡು ಕೋಣೆಗಳ ಹಿಂಗೋಡೆ ಒಡೆದುಕೊಂಡು ಬಂದು ಅಂಗಳದಲ್ಲಿ ನಿಂತಿತು. ಒಂದು ಮಗುವಿಗೂ ತರಚು ಗಾಯವಾಗಲಿಲ್ಲ. ಆ ಮಧ್ಯಾಹ್ನದ ಊಟ ಪೇಟೆಯ ಬೇವಿನ ಮರದಡಿಯಲ್ಲಿ ನಡೆಯಿತು. ಸಂಜೆಯ ಹೊತ್ತಿಗೆ ಮಕ್ಕಳು ಬಂಡೆಯ ಸುತ್ತ ಕೈ ಹಿಡಿದು ನಿಂತು, ಅದನ್ನು ತಬ್ಬಲು ಎಷ್ಟು ಮಂದಿ ಬೇಕೆಂದು ಎಣಿಸುತ್ತಿದ್ದರು.

ಇದು ಎರಡು ಸಾವಿರದ ಐವತ್ತೆಂಟರ ಶ್ರಾವಣದ ಮಾತು. ಕೆಂಗುಡ್ಡ ಮರಳುಗಲ್ಲಿನ ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತ ಊರು. ಗುಡ್ಡದ ಈಚೆ ಪೇಟೆ ಮತ್ತು ಶಾಲೆ, ಆಚೆ ಬದಿಗೆ ನೇಕಾರರ ಓಣಿ. ಬೇಸಿಗೆಯಲ್ಲಿ ಕಾದ ಕಲ್ಲು ಮೊದಲ ಮಳೆಗಳಲ್ಲಿ ಒಮ್ಮೆಲೇ ತಣಿದು ಬಿರುಕು ಬಿಡುತ್ತಿತ್ತು. ವರ್ಷಕ್ಕೊಂದು ಎರಡು ಬಂಡೆ ಉರುಳುವುದು, ಯಾರದೋ ಮನೆಯಲ್ಲಿ ಅಳು ಏಳುವುದು ಊರಿಗೆ ರೂಢಿಯಾಗಿತ್ತು. ಹೆಣ್ಣು ಕೊಡುವವರು ಹುಡುಗನ ಓದಿಗಿಂತ ಮೊದಲು, ಮನೆ ಗುಡ್ಡದಿಂದ ಎಷ್ಟು ದೂರವಿದೆ ಎಂದು ಕೇಳುತ್ತಿದ್ದರು. ಈಗ ಮೂರು ವರ್ಷಗಳಿಂದ ಯಾರೂ ಹಾಗೆ ಕೇಳುತ್ತಿರಲಿಲ್ಲ.

ಅದಕ್ಕೆ ಕಾರಣ 'ನೆಲಗಿವಿ'. ಧಾರವಾಡದ ಪ್ರಯೋಗಾಲಯದಲ್ಲಿ ಅದನ್ನು ಕಂಡುಹಿಡಿದವರು ಭೌತವಿಜ್ಞಾನಿ ಶಾಲ್ಮಲಾ ಹೂಗಾರ. ಫೈಬರ್ ಕೇಬಲ್ಲಿನ ಒಳಗೆ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರ ಒಂದು ತುದಿಯಿಂದ ಬೆಳಕನ್ನು ಬಿಟ್ಟರೆ ಅದು ಇನ್ನೊಂದು ತುದಿಗೆ ಹೋಗಿ ಮುಟ್ಟುತ್ತದೆ. ಫೋನು, ಟೀವಿ, ಇಂಟರ್ನೆಟ್ಟು ನಡೆಯುವುದು ಹಾಗೆಯೇ. ಆದರೆ ಎಷ್ಟೇ ಶುದ್ಧವಾದ ಗಾಜಿನಲ್ಲೂ ಕಣ್ಣಿಗೆ ಕಾಣದ ಏರುಪೇರುಗಳಿರುತ್ತವೆ. ಹೋಗುವ ಬೆಳಕಿನಲ್ಲಿ ಎಳ್ಳಿನ ಮೊನೆಯಷ್ಟು ಪಾಲು ಅವುಗಳಿಗೆ ತಾಗಿ, ಎಳೆಯ ಪ್ರತಿಯೊಂದು ಮೀಟರಿನಿಂದಲೂ ಹಿಂದಿರುಗುತ್ತದೆ. ನೆಲ ಅಲುಗಿದರೆ ಎಳೆ ಒಂದಿಷ್ಟು ಹಿಗ್ಗುತ್ತದೆ, ಹಿಂದಿರುಗುವ ಬೆಳಕು ಬದಲಾಗುತ್ತದೆ. ಆ ಬದಲಾವಣೆಯನ್ನು ಓದುವ ಪೆಟ್ಟಿಗೆಯೇ ನೆಲಗಿವಿ. ಎರಡು ಕಿಲೋಮೀಟರು ಎಳೆ ಹೂಳಿದರೆ ಎರಡು ಸಾವಿರ ಕಿವಿಗಳನ್ನು ಸಾಲಾಗಿ ನೆಲಕ್ಕೆ ಹಚ್ಚಿದ ಹಾಗೆ. ಬಂಡೆ ಕಳಚುವ ಮೊದಲು ಗುಡ್ಡದೊಳಗೆ ಆಗುವ, ಮನುಷ್ಯರಿಗೆ ಕೇಳದ ಚಿಟಿಚಿಟಿ ಸದ್ದು ಅದಕ್ಕೆ ಕೇಳುತ್ತದೆ.

ಶಾಲೆಯ ಘಟನೆಯ ನಂತರ ಶಾಲ್ಮಲಾಗೆ ಹದಿನೇಳು ಊರುಗಳಿಂದ ಕರೆ ಬಂತು. ಇಪ್ಪತ್ತು ದಿನಗಳಾದ ಮೇಲೆ, ಮಂಗಳವಾರ ಬೆಳಗ್ಗೆ ಹತ್ತು ನಲವತ್ತೆರಡಕ್ಕೆ, ಗುಡ್ಡದ ಆಚೆ ಬದಿಯಲ್ಲಿ ನೇಕಾರರ ಓಣಿಯ ಬನವ್ವನ ಮನೆಯ ಹಿಂಗೋಡೆಯನ್ನು ಒಂದು ಬಂಡೆ ಒಡೆಯಿತು. ಸೊಸೆ ಲಾಸ್ಯಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದನೆಯ ಎಳೆಗಳ, ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದಳು. ಎರಡೂ ಕೈಯ ಬೆರಳುಗಳು ಬೇಕಾಗುವ ಕೆಲಸ ಅದು. ಗೋಡೆಯ ಪೆಟ್ಟಿಗೆ ಏನನ್ನೂ ಹೇಳಲಿಲ್ಲ. ಅದರ ದೀಪ ಹಸಿರಾಗಿಯೇ ಇತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಲಾಸ್ಯಾಳ ಜೀವ ಉಳಿಯಿತು. ಎಡಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ. ಅವಳಿಗೆ ಇಪ್ಪತ್ತೆಂಟು ವರ್ಷ.

ಜಿಲ್ಲಾ ಕಚೇರಿಯ ಇಂಜಿನಿಯರ್ ಉಮಾಪತಿ ಅಂದೇ ಧಾರವಾಡಕ್ಕೆ ಫೋನು ಮಾಡಿದರು.

"ಮೇಡಂ, ನೀವು ಗಾಬರಿ ಆಗಬ್ಯಾಡ್ರಿ. ನಿಮ್ಮ ಯಂತ್ರದ್ದು ಏನೂ ತಪ್ಪಿಲ್ಲ. ಆ ಓಣಿ ಮಂದಿ ಮೊದಲೇ ಕೇಬಲ್ ಕತ್ತರಿಸಿದ್ರು ಅಂತ ಕಾಣತೈತಿ. ವರದಿ ನಾ ಬರದು ಇಟ್ಟಿರ್ತೀನಿ, ನೀವು ಬಂದು ಸಹಿ ಮಾಡಿದ್ರ ಸಾಕು."

ಸೋಮವಾರ ವರದಿ ಜಿಲ್ಲಾಧಿಕಾರಿಗಳ ಮುಂದೆ ಹೋಗಬೇಕಿತ್ತು. ಕೇಬಲ್ ಕತ್ತರಿಸುವ ಜನರ ನಡುವೆ ಎಚ್ಚರಿಕೆಯ ವ್ಯವಸ್ಥೆ ನಿಲ್ಲುವುದಿಲ್ಲ, ಆದ್ದರಿಂದ ಓಣಿಯ ನಲವತ್ತೆರಡು ಮನೆಗಳನ್ನು ಹನ್ನೆರಡು ಕಿಲೋಮೀಟರು ದೂರದ ಹೊಸ ಬಡಾವಣೆಗೆ ಸಾಗಿಸಬೇಕು ಎಂಬುದು ಅದರ ಕೊನೆಯ ಸಾಲು. ಅಲ್ಲಿ ಮೂರು ಮಹಡಿಯ ಕಟ್ಟಡಗಳು ತಯಾರಾಗಿದ್ದವು. ಕುಣಿ ತೋಡಿ ನೆಲಕ್ಕೆ ಹೂಡಿದ ಮಗ್ಗವನ್ನು ಮಹಡಿಯ ಮೇಲೆ ಹೂಡಲು ಬರುವುದಿಲ್ಲ. ಆ ಸಹಿ ಬಿದ್ದರೆ ಕೆಂಗುಡ್ಡದಲ್ಲಿ ರವಿಕೆಯ ಬಟ್ಟೆಯಾದ ಖಣ ನೇಯುವ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಶಾಲ್ಮಲಾ ಶನಿವಾರ ಹೊರಟರು. ಆ ಓಣಿಯ ಕೇಬಲ್ ಮೂರು ವರ್ಷಗಳಲ್ಲಿ ಕೇಳಿಸಿಕೊಂಡದ್ದೆಲ್ಲ ಅವರ ಕೈಚೀಲದ ಕಂಪ್ಯೂಟರಿನಲ್ಲಿತ್ತು. ಕತ್ತರಿಸಿದ್ದರೆ ಯಾವ ಗಳಿಗೆಗೆ ಎಂಬುದೂ ಅದರಲ್ಲಿ ಇರಲೇಬೇಕು. ತೆರೆದು ನೋಡಲು ಎರಡು ನಿಮಿಷ ಸಾಕು. ನಾಲ್ಕು ದಿನಗಳಿಂದ ಅವರು ಅದನ್ನು ತೆರೆದಿರಲಿಲ್ಲ. ಮೊದಲ ದಿನ ಬೇರೆ ಕೆಲಸವಿದೆ ಎಂದುಕೊಂಡರು. ಎರಡನೆಯ ದಿನ, ಸ್ಥಳದಲ್ಲೇ ನೋಡುವುದು ಸರಿ ಎಂದುಕೊಂಡರು. ಮೂರನೆಯ ದಿನ ಏನೂ ಅಂದುಕೊಳ್ಳಲಿಲ್ಲ.

ನಿಲ್ದಾಣದಿಂದ ಜೀಪಿನಲ್ಲಿ ಕರೆದೊಯ್ಯುತ್ತ ಉಮಾಪತಿ ಮಾತಾಡುತ್ತಲೇ ಇದ್ದರು.

"ನಾ ಮೂರು ವರ್ಷದ ಹಿಂದನ ಹೇಳಿರಲಿಲ್ಲೇನ್ರಿ? ಕೇಬಲ್ ಒಳಗ ಹಳದಿ ನೂಲು ಇರತೈತಲ್ಲ, ಎಳೆ ಜಗ್ಗಿದ್ರ ಹರೀಬಾರದು ಅಂತ ಹಾಕಿರ್ತಾರಲ್ಲ, ಅದರ ಮ್ಯಾಲ ಇವರ ಕಣ್ಣು. ನೇಕಾರ್ರಿಗೆ ನೂಲು ಕಂಡ್ರ ಕೈ ಸುಮ್ಮನ ಇರತೈತೇನು? ನಾನ ನನ್ನ ಕಣ್ಣಾರೆ ಅವರ ಮನಿಯೊಳಗ ಆ ನೂಲು ನೋಡೀನಿ."

"ನೋಡಿದ್ದು ಯಾವಾಗ್ರಿ?"

"ಹಳೇ ಮಾತ್ರಿ. ನಿಮ್ಮ ಕೇಬಲ್ ಬರೂಕಿಂತ ಮೊದಲ."

ಶಾಲ್ಮಲಾ ಮುಂದೆ ಕೇಳಲಿಲ್ಲ.

ಬನವ್ವನ ಮನೆಯ ಹಿಂಭಾಗ ತೆರೆದುಕೊಂಡಿತ್ತು. ಬಂಡೆ ಅರ್ಧ ಮನೆಯೊಳಗೆ, ಅರ್ಧ ಹೊರಗೆ ಕುಳಿತಿತ್ತು. ಮಗ್ಗದ ಒಂದು ಬದಿಯ ಕಂಬ ಮುರಿದು, ಹಾಸು ಸಡಿಲಾಗಿ ಜೋತುಬಿದ್ದಿತ್ತು. ಅರವತ್ತು ದಾಟಿದ ಬನವ್ವ ಗೋಡೆಗೆ ಒರಗಿ ನೂಲಿನ ಉಂಡೆ ಸುತ್ತುತ್ತಿದ್ದಳು. ಎದ್ದು ನಿಲ್ಲಲಿಲ್ಲ; ಬೈಯಲೂ ಇಲ್ಲ.

"ಬರ್ರಿ ಅಕ್ಕಾರ, ಕುಂದರ್ರಿ. ಚಾಪಿ ಮ್ಯಾಲ ಧೂಳೈತಿ. ದಿನಾ ಝಾಡಸ್ತೀನಿ, ಮತ್ತ ಬೀಳತೈತಿ."

ಉಮಾಪತಿ ನಿಂತುಕೊಂಡೇ ಶುರುಮಾಡಿದರು. "ಬನವ್ವಾ, ಕೇಬಲ್ ವಿಚಾರ ಖರೇ ಹೇಳಿಬಿಡ್ರಿ. ಹೇಳಿದ್ರ ನಿಮಗ ಏನೂ ಮಾಡೂದಿಲ್ಲ. ನಿಮ್ಮ ಮಗ್ಗಕ್ಕ ಹಳದಿ ನೂಲು ಕಟ್ಟಿದ್ದು ಇಲ್ಲೇ ಕಾಣಾಕತ್ತೈತಿ."

ಮಗ್ಗದ ತುಳಿಯುವ ಹಲಗೆಗಳಿಗೆ ನಿಜಕ್ಕೂ ಹಳದಿ ನೂಲಿನ ಹುರಿ ಕಟ್ಟಿತ್ತು. ಶಾಲ್ಮಲಾ ಅದನ್ನು ನೋಡಿದರು. ಒಂದು ಗಳಿಗೆ ಅವರ ಎದೆ ಹಗುರಾಯಿತು.

"ಹೌದ್ರೀ ಸಾಹೇಬ್ರ, ತಂದೀವಿ" ಎಂದಳು ಬನವ್ವ. "ಹನ್ನೆರಡು ವರ್ಷದ ಹಿಂದ ನಿಮ್ಮ ಗುತ್ತಿಗೆದಾರ ಓಣಿ ತುದಿಗೆ ತುಂಡು ತುಂಡು ಬಿಸಾಕಿ ಹೋಗಿದ್ದ. ಅದರಾಗಿನ ನೂಲು ಬಿಚ್ಚಿ ತಂದ್ವಿ. ಖಣಾ ನೇಯಾಕ ಅಂತ ತಿಳಕೊಂಡ್ರೇನು? ಅದು ಬಣ್ಣ ಹಿಡಿಯೂದಿಲ್ಲ, ಕತ್ತರಿಗೆ ಬಗ್ಗೂದಿಲ್ಲ. ಅದರ ಕುಬಸ ಹೊಲಿಸಿಕೊಂಡಾಕಿ ಮಣ್ಣಾಗಿ ಹೋದ್ರೂ ಕುಬಸ ಹಂಗ ಇರತೈತಿ. ಹಲಗಿ ಕಟ್ಟಾಕ, ಆಡು ಕಟ್ಟಾಕ ಚಲೋ. ನಿಮಗೂ ಬೇಕಂದ್ರ ಒಂದು ಮಳ ಒಯ್ಯರಿ."

ಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು ನಕ್ಕರು. ಉಮಾಪತಿ ಮುಖ ತಿರುಗಿಸಿದರು. ಬನವ್ವ ನಗದೆ ಶಾಲ್ಮಲಾ ಕಡೆಗೆ ನೋಡಿದಳು.

"ಅಕ್ಕಾರ, ನಿಮ್ಮ ಪೆಟ್ಟಿಗ್ಯಾಗ ಹಳೇ ಸಪ್ಪಳಾ ಎಲ್ಲಾ ಉಳಿದಿರತೈತಿ ಅಂತಾರಲ್ಲ, ಖರೇ ಏನ್ರಿ?"

"ಖರೇ ಐತ್ರಿ, ಬನವ್ವಾರ."

"ಹಂಗಾರ ನನ್ನ ಮಗ್ಗದ್ದು ಕೇಳಿಸ್ರಿ. ನಾವು ಕತ್ತರಿಸಿದ್ರ, ಯಾವತ್ತು ನಿಂತಿತು ಅಂತ ಗೊತ್ತಾಗತೈತಲ್ಲ? ಈ ಓಣ್ಯಾಗ ಬೆಳಗಿನ ಆರರಿಂದ ಸಂಜಿ ಮಟ ನಲವತ್ತೆರಡು ಮಗ್ಗ ಬಡೀತಾವ. ನೆಲಾ ಅನ್ನೂದು ನಡಗತಿರತೈತಿ. ಕೂಸು ಮಲಗಿಸಿದ್ರ ಆ ಸಪ್ಪಳಕ್ಕ ನಿದ್ದಿ ಹತ್ತತೈತಿ, ಹಬ್ಬದ ದಿನಾ ಮಗ್ಗ ನಿಂತ್ರ ಎದ್ದು ಅಳತಾವ. ನಿಮ್ಮ ಯಂತ್ರಕ್ಕ ಕೇಳಲಾರದ ಹೋಗಿರತೈತೇನು?"

ಇನ್ನು ತೆರೆಯದಿರಲು ಯಾವ ನೆಪವೂ ಉಳಿದಿರಲಿಲ್ಲ. ಶಾಲ್ಮಲಾ ಧೂಳಿನ ಚಾಪೆಯ ಮೇಲೆ ಕುಳಿತು ಕಂಪ್ಯೂಟರ್ ಬಿಚ್ಚಿದರು.

ಮೊದಲು ಕಂಡದ್ದು ಬೆಳಕಿನ ಲೆಕ್ಕ. ಮೂರು ವರ್ಷವೂ ಒಂದು ದಿನವೂ ತಪ್ಪದೆ ಬೆಳಕು ಎಳೆಯ ಕೊನೆಯ ತುದಿಯನ್ನು ಮುಟ್ಟಿತ್ತು. ಅದು ಮುರಿದದ್ದು ಮಂಗಳವಾರ ಹತ್ತು ನಲವತ್ತೆರಡಕ್ಕೆ, ಬಂಡೆ ಬಿದ್ದ ಗಳಿಗೆಗೆ. ಕೇಬಲನ್ನು ಯಾರೂ ಕತ್ತರಿಸಿರಲಿಲ್ಲ.

ನಂತರ ಸದ್ದಿನ ರೇಖೆ. ಪೇಟೆಯ ಎಳೆಯಲ್ಲಿ ಒರಳು ಕುಟ್ಟಿದ್ದು, ನಲ್ಲಿ ಬಿಟ್ಟದ್ದು, ಮದುವೆಯ ಮೆರವಣಿಗೆ ಎಲ್ಲವೂ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಇಲ್ಲಿ ತೆರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಗೆರೆ, ಹಾಳೆಯ ಮೇಲೆ ಪಟ್ಟಿ ಹಿಡಿದು ಎಳೆದಂತೆ. ಶಾಲ್ಮಲಾ ಒಂದು ತಿಂಗಳು ಹಿಂದಕ್ಕೆ ಹೋದರು. ಒಂದು ವರ್ಷ ಹಿಂದಕ್ಕೆ ಹೋದರು. ಮೊದಲ ದಿನಕ್ಕೆ ಹೋದರು. ಎಲ್ಲಿಯೂ ಒಂದು ಮಗ್ಗವೂ ಇರಲಿಲ್ಲ.

ಆ ಗೆರೆ ಅವರಿಗೆ ಹೊಸದಾಗಿರಲಿಲ್ಲ. ಮೂರು ವರ್ಷಗಳ ಹಿಂದೆ ಅದನ್ನೇ ನೋಡಿ 'ಅತ್ಯಂತ ಶಾಂತವಾದ ವಲಯ' ಎಂದು ತಮ್ಮ ಕೈಯಾರೆ ಬರೆದಿದ್ದರು. ವಿಜ್ಞಾನಿಗಳ ಸಭೆಯೊಂದರಲ್ಲಿ ಪರದೆಯ ಮೇಲೆ ತೋರಿಸಿ, ಇಷ್ಟು ಸ್ವಚ್ಛವಾದ ರೇಖೆ ಬೇರೆಲ್ಲೂ ಸಿಕ್ಕಿಲ್ಲ ಎಂದು ಹೇಳಿದ್ದರು. ಜನ ಮೆಚ್ಚಿದ್ದರು. ನಲವತ್ತೆರಡು ಮಗ್ಗಗಳಿರುವ ಓಣಿ ಹೇಗೆ ಇಷ್ಟು ಸುಮ್ಮನಿದೆ ಎಂದು ಅಲ್ಲಿ ಯಾರಿಗೂ ಅನಿಸಲಿಲ್ಲ, ಓಣಿಯನ್ನು ಅವರು ಯಾರೂ ಕಂಡಿರಲಿಲ್ಲ. ಶಾಲ್ಮಲಾಗೂ ಅನಿಸಲಿಲ್ಲ.

"ಯಾಕ್ರಿ ಅಕ್ಕಾರ, ಮುಖ ಹಿಂಗಾತು? ನೀರು ಕೊಡ್ಲೇನು?"

"ಬ್ಯಾಡ್ರಿ."

ಅವರು ಎದ್ದು ಬಂಡೆಯ ಪಕ್ಕಕ್ಕೆ ಹೋದರು. ತುಂಡಾದ ಕೇಬಲ್ಲಿನ ತುದಿ ಮಣ್ಣಿನಿಂದ ಹೊರಬಂದಿತ್ತು. ಹೆಬ್ಬೆರಳಿನಷ್ಟು ದಪ್ಪ, ಮೇಲೆ ಉಕ್ಕಿನ ಕವಚ. ಚೀಲದಲ್ಲಿ ಪೇಟೆಯ ಕೇಬಲ್ಲಿನದೂ ಒಂದು ಗೇಣು ಮಾದರಿ ಇತ್ತು. ಅದು ಚಪ್ಪಲಿಯ ಬಾರಿನಷ್ಟು ಸಣ್ಣದು. ಬನವ್ವ ಎರಡನ್ನೂ ಕೈಗೆ ತೆಗೆದುಕೊಂಡು, ನೂಲು ಪರೀಕ್ಷಿಸುವಂತೆ ಬೆರಳ ತುದಿಯಿಂದ ತಿಕ್ಕಿ ನೋಡಿದಳು. ದಪ್ಪ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕೊಳವೆಯನ್ನು ಹಿಚುಕಿದಾಗ ತುಪ್ಪದಂಥ ಅಂಟು ಹೊರಬಂತು. ಅದರ ನಡುವೆ ಗಾಜಿನ ಎಳೆ ಅತ್ತಿತ್ತ ಆಡುತ್ತಿತ್ತು. ಸಣ್ಣ ಕೇಬಲ್ಲಿನಲ್ಲಿ ಹೊದಿಕೆ ಎಳೆಗೆ ಚರ್ಮದಂತೆ ಅಂಟಿತ್ತು.

"ಇದು ಬಿಗಿ ಐತಿ, ಅದು ಸಡಿಲೈತಿ" ಎಂದಳು ಬನವ್ವ. "ಹಾಸು ಬಿಗಿ ಇದ್ರ, ನಾಕು ಸಾವಿರ ಎಳ್ಯಾಗ ಒಂದು ಹರಿಯಾಕ ಬಂದ್ರೂ ನನ್ನ ಕಾಲಿಗೆ ಗೊತ್ತಾಗತೈತಿ. ಸಡಿಲಿದ್ರ ಹರದ ಮ್ಯಾಲೂ ಗೊತ್ತಾಗೂದಿಲ್ಲ. ಇದನ್ನ ಯಾಕ ಹಾಕಿದ್ರಿ ನಮಗ?"

ಉಮಾಪತಿ ಕೆಮ್ಮಿದರು.

ಶಾಲ್ಮಲಾಗೆ ಉತ್ತರ ಗೊತ್ತಿತ್ತು. ಕೇಬಲ್ ಆರಿಸುವಾಗ ನೋಡಬೇಕಾದುದು ಹೆಚ್ಚೇನಿಲ್ಲ. ಬೆಳಕಿಗೆ ಎಳೆಯೊಳಗೆ ಒಂದೇ ಹಾದಿ ಇರಬೇಕೇ, ಹಲವು ಹಾದಿಗಳೇ? ದೂರ ಹೋಗಬೇಕಾದರೆ ಒಂದೇ ಹಾದಿ, ಇಲ್ಲವಾದರೆ ಬೆಳಕು ಕಲಸಿಹೋಗುತ್ತದೆ. ಎಳೆಯನ್ನು ಹೊದಿಕೆ ಬಿಗಿಯಾಗಿ ಹಿಡಿಯಬೇಕೇ, ಅಂಟಿನಲ್ಲಿ ತೇಲಲು ಬಿಡಬೇಕೇ? ಬರಿ ಸುದ್ದಿ ಸಾಗಿಸುವ ಕೇಬಲ್ಲಿಗೆ ತೇಲುವುದೇ ಒಳ್ಳೆಯದು. ಹೊರಗಿನ ಚಳಿ, ಬಿಸಿಲು, ಜಗ್ಗಾಟ ಯಾವುದೂ ಎಳೆಗೆ ತಾಗುವುದಿಲ್ಲ. ಆದರೆ ಹೊರಗಿನದು ಏನೂ ತಾಗದ ಎಳೆಗೆ ಹೊರಗಿನದು ಏನೂ ಕೇಳುವುದೂ ಇಲ್ಲ. ನೆಲಗಿವಿಗೆ ಬೇಕಾದುದು ಬಿಗಿಯಾದ ಎಳೆ, ಅದೂ ಕೊಳವೆಯಿಲ್ಲದೆ ನೇರವಾಗಿ ಮಣ್ಣಿಗೆ ಒತ್ತಿ ಹೂಳಿದ್ದು. ಇದನ್ನು ಲೋಕಕ್ಕೆ ಮೊದಲು ಹೇಳಿದವರೇ ಶಾಲ್ಮಲಾ.

ಪೇಟೆಗೆ, ಶಾಲೆಗೆ, ಆಸ್ಪತ್ರೆಯ ಬೀದಿಗೆ ಅವರು ಅದನ್ನೇ ಗುರುತು ಹಾಕಿದ್ದರು. ಪಟ್ಟಿಯಲ್ಲಿ ನೇಕಾರರ ಓಣಿಯ ಸಾಲು ಬಂದಾಗ ಉಮಾಪತಿ, ಅಲ್ಲಿ ಸಣ್ಣ ಕೇಬಲ್ ಒಂದು ವಾರ ಉಳಿಯುವುದಿಲ್ಲ, ನೂಲಿಗಾಗಿ ಕತ್ತರಿಸುತ್ತಾರೆ, ಉಕ್ಕಿನದನ್ನೇ ಕೊಳವೆಯೊಳಗೆ ಹಾಕಿ ಎಂದಿದ್ದರು. ಉಕ್ಕಿನ ಕವಚದ ಕೇಬಲ್ ಸಿಗುತ್ತಿದ್ದುದು ತೇಲುವ ಎಳೆಯದು ಮಾತ್ರ. ಅಲ್ಲದೆ, ಮಗ್ಗಗಳ ಬಡಿತ ಯಂತ್ರಕ್ಕೆ ಬರೀ ಗದ್ದಲವಾಗುತ್ತಿತ್ತು. ಕಿವಿ ಸ್ವಲ್ಪ ಮಂದವಾದರೆ ಒಳ್ಳೆಯದೇ ಎಂದು ಅವರಿಗೆ ಅನಿಸಿತ್ತು. ಎರಡು ಕಾರಣಗಳು ಸಿಕ್ಕಿದ್ದವು. ಮೂರನೆಯದೊಂದು ಒಳಗಿತ್ತು, ಅದನ್ನು ಈಗ ಮಾತ್ರ ನೋಡಲು ಸಾಧ್ಯವಾಯಿತು: ಅವರು ಉಮಾಪತಿಯ ಮಾತನ್ನು ಪರೀಕ್ಷಿಸಲಿಲ್ಲ, ಏಕೆಂದರೆ ಅದು ನಿಜವಿರಬಹುದೆಂದು ಅವರಿಗೂ ಅನಿಸಿತ್ತು. ಪೇಟೆಯವರು ಕತ್ತರಿಸುತ್ತಾರೆಂದು ಯಾರಾದರೂ ಹೇಳಿದ್ದರೆ ನಿಜವೇ ಎಂದು ಕೇಳುತ್ತಿದ್ದರು.

ಹೂಳಿದ ಮೇಲೆ ಪರೀಕ್ಷೆ ಇತ್ತು. ಕಲ್ಲಿನಿಂದ ನೆಲಕ್ಕೆ ಬಡಿದು, ಯಂತ್ರಕ್ಕೆ ಕೇಳಿತೇ ಎಂದು ನೋಡಬೇಕು. ಪೇಟೆಯಲ್ಲಿ ಎಂಟು ಕಡೆ ಬಡಿದರು. ಗುಡ್ಡದ ಆಚೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಬಿಸಿಲಿತ್ತು. ಅಲ್ಲಿಯೂ ಇದೇ ತಾನೆ ಎಂದು ಜೀಪಿನಲ್ಲಿ ಕುಳಿತೇ ಕಾಗದದ ಮೇಲೆ ಸಹಿ ಮಾಡಿದ್ದರು.

ಬನವ್ವನ ಮನೆಯಿಂದ ಜೀಪಿಗೆ ಮರಳಿದ ಮೇಲೆ ಉಮಾಪತಿ ಮೆಲ್ಲಗೆ ಅಂದರು:

"ಮೇಡಂ, ತಪ್ಪು ನನ್ನದೂ ಐತಿ. ಇಲ್ಲ ಅನ್ನೂದಿಲ್ಲ. ಆದ್ರ ಒಂದು ವಿಚಾರ ಮಾಡ್ರಿ. ಹದಿನೇಳು ಊರಾಗ ನೆಲಗಿವಿ ಹಾಕಬೇಕಂತ ಕುಂತಾರ. ಅದನ್ನ ಮಾಡಿದಾಕೆನ ತಪ್ಪು ಕೇಬಲ್ ಆರಿಸಿದ್ಲು ಅಂತ ಪೇಪರಿನ್ಯಾಗ ಬಂದ್ರ, ಎಲ್ಲಾ ನಿಲ್ತೈತಿ. ಅಲ್ಲಿ ಎಷ್ಟು ಶಾಲಿ ಅದಾವ, ಎಷ್ಟು ಕೂಸು ಅದಾವ. 'ಕಾರಣ ತಿಳಿದುಬಂದಿಲ್ಲ' ಅಂತ ಬರದ್ರ ಇವರ ಮ್ಯಾಲೂ ಬರೂದಿಲ್ಲ, ನಿಮ್ಮ ಮ್ಯಾಲೂ ಬರೂದಿಲ್ಲ."

"ಮನಿ ಎಬ್ಬಸೂದು?"

"ಅದು... ಎಬ್ಬಸಬೇಕಾಗತೈತ್ರಿ. ಕಾರಣ ಗೊತ್ತಿಲ್ಲಂದ್ರ ಇಲ್ಲಿ ಇರಸಾಕ ಬರೂದಿಲ್ಲಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ; ಶಾಲ್ಮಲಾಗೆ ಕಷ್ಟವಾದದ್ದು ಅದೇ. ನಿಜವಾಗಿಯೂ ಊರುಗಳು ಹಿಂಜರಿಯಬಹುದು. ನಿಜವಾಗಿಯೂ ಎಲ್ಲೋ ಒಂದು ಶಾಲೆಯ ಹಿಂದೆ ಬಂಡೆ ಸಡಿಲಾಗುತ್ತಿರಬಹುದು. ಒಳ್ಳೆಯ ಕಾರಣಕ್ಕಾಗಿ ಸುಮ್ಮನಿರುವುದು ಎಷ್ಟು ಸುಲಭವೆಂದು ಯೋಚಿಸುತ್ತ, ಅವರು ವಸತಿಗೃಹದ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನದವರೆಗೆ ಕುಳಿತಿದ್ದರು. ಮನೆಯಿಂದ ಮಗಳು ಫೋನು ಮಾಡಿ, "ಯಾವಾಗ ಬರ್ತೀ ಅವ್ವಾ? ಇಡ್ಲಿ ಹಿಟ್ಟು ಹುಳಿಯಾಗಾಕತ್ತೈತಿ, ಏನ್ ಮಾಡ್ಲಿ?" ಎಂದಳು. "ದೋಸೆ ಹುಯ್ಕೋ" ಎಂದು ಹೇಳಿ ಫೋನು ಇಟ್ಟರು. ಮಗಳಿಗೆ ಹೇಳಲಾಗದ ವಿಷಯವೊಂದು ಮೊದಲ ಬಾರಿಗೆ ಅವರ ಬಳಿ ಇತ್ತು.

ಸಂಜೆ ಅವರು ಒಬ್ಬರೇ ಓಣಿಗೆ ನಡೆದು ಹೋದರು. ಲಾಸ್ಯಾ ಆಸ್ಪತ್ರೆಯಿಂದ ಬಂದಿದ್ದಳು. ಪಕ್ಕದ ಮನೆಯ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕುಳಿತವಳಿಗೆ ಬನವ್ವ ತಲೆ ಬಾಚುತ್ತಿದ್ದಳು. ಒಂದೇ ಕೈಯಲ್ಲಿ ಜಡೆ ಹೆಣೆದುಕೊಳ್ಳಲು ಬರುವುದಿಲ್ಲ.

ಶಾಲ್ಮಲಾ ಎದುರಿಗೆ ಕುಳಿತು, ಎಲ್ಲವನ್ನೂ ಸರಳವಾಗಿ ಹೇಳಿದರು. ಕೇಬಲ್ ಕಿವುಡಾಗಿತ್ತು. ಮೊದಲ ದಿನದಿಂದಲೂ ಕಿವುಡಾಗಿತ್ತು. ಅದನ್ನು ಆರಿಸಿದ್ದು ನಾನು. ನೀವು ಕತ್ತರಿಸುತ್ತೀರಿ ಎಂದು ತಿಳಿದು ಆರಿಸಿದೆ.

ಬನವ್ವನ ಕೈಯಲ್ಲಿ ಬಾಚಣಿಗೆ ನಿಂತಿತು. ಲಾಸ್ಯಾ ಅವರನ್ನೇ ನೋಡಿ ಕೇಳಿದಳು:

"ಆರಿಸೂಕಿಂತ ಮೊದಲ ಇಲ್ಲಿಗೆ ಬಂದಿದ್ರೇನು?"

"ಇಲ್ಲ."

"ಹಾಕಿದ ಮ್ಯಾಲ?"

"ಬಂದಿದ್ದೆ. ಜೀಪ್ ಇಳೀಲಿಲ್ಲ."

ಲಾಸ್ಯಾ ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎನ್ನುವಂತೆ.

"ನಾಳೆ ಇದನ್ನ ವರದಿಯೊಳಗ ಬರಿತೀನಿ. ನನ್ನ ಹೆಸರು ಹಾಕಿನ ಬರಿತೀನಿ" ಎಂದರು ಶಾಲ್ಮಲಾ.

"ಬರೀರಿ. ಬರದ್ರ ಓಣಿ ಉಳೀತೈತಿ. ಅದಕ್ಕ ಬರೀರಿ. ನನಗ ಸಮಾಧಾನ ಆಗಲಿ ಅಂತ ಬರೀಬ್ಯಾಡ್ರಿ, ಆಗೂದಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ಅತ್ತೀ, ಬಾಚೂದು ಮುಗಸು, ಕುತ್ತಿಗಿ ನೋಯತೈತಿ" ಎಂದಳು.

ಸೋಮವಾರ ಜಿಲ್ಲಾಧಿಕಾರಿಗಳ ಮುಂದೆ ಶಾಲ್ಮಲಾ ತಾವೇ ಬರೆದ ವರದಿಯನ್ನು ಓದಿದರು. ಪತ್ರಿಕೆಗಳಲ್ಲಿ ಬಂತು. ಹದಿನೇಳು ಊರುಗಳಲ್ಲಿ ಒಂಬತ್ತು ಹಿಂದೆ ಸರಿದವು. ಅವುಗಳಲ್ಲಿ ಎರಡು ಮತ್ತೆ ಬರಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಗಳಲ್ಲಿ ಅಲ್ಲಿ ಏನೂ ಆಗಲಿಲ್ಲ ಎಂಬುದು ಅದೃಷ್ಟ ಮಾತ್ರ, ಅದನ್ನು ಅವರು ತಮ್ಮ ಸಮರ್ಥನೆಗೆ ಎಂದೂ ಬಳಸಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಶಾಲ್ಮಲಾರ ಕುರ್ಚಿ ಹೋಯಿತು. ಓಣಿ ಉಳಿಯಿತು.

ಹೊಸ ಎಳೆಯನ್ನು ಹೂಳುವಾಗ ಶಾಲ್ಮಲಾ ಎರಡು ತಿಂಗಳು ಓಣಿಯಲ್ಲೇ ಇದ್ದರು. ಯಾವ ಬದಿಯ ಮಣ್ಣು ಗಟ್ಟಿ, ಎಲ್ಲಿ ಹಳೆಯ ಬಾವಿ ಮುಚ್ಚಿದೆ ಎಂದು ಹೆಂಗಸರು ತೋರಿಸಿದರು. ಬಿಗಿ ಎಳೆ, ಸಣ್ಣ ಹೊದಿಕೆ, ನೇರವಾಗಿ ಮಣ್ಣಿಗೆ. ಹಳದಿ ನೂಲಿನ ಒಂದು ತುಂಡೂ ಕಳೆಯಲಿಲ್ಲ. ಬೆಳಕು ಬಿಟ್ಟ ಮೊದಲ ಬೆಳಗ್ಗೆ ಆರಕ್ಕೆ ತೆರೆಯ ತುಂಬ ಮಗ್ಗಗಳು ಎದ್ದವು.

ಆಗಲೇ ಅವರಿಗೆ ಇನ್ನೊಂದು ವಿಷಯ ಗೊತ್ತಾದದ್ದು. ಮಗ್ಗದ ಬಡಿತ ನೆಲಕ್ಕಿಳಿದು, ಗುಡ್ಡದೊಳಗೆ ಹೊಕ್ಕು, ಅಲ್ಲಿಂದ ತಿರುಗಿ ಬರುತ್ತಿತ್ತು. ಗುಡ್ಡದಲ್ಲಿ ಬಿರುಕು ಅಗಲವಾದರೆ ಆ ಮಾರ್ದನಿ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಪ್ರತಿದಿನ ಒಂದೇ ಲಯದಲ್ಲಿ ಬಡಿಯುವ ಮಗ್ಗಗಳಿದ್ದರೆ, ಆ ತಡವನ್ನು ಅಳೆದು, ಬಂಡೆ ಕಳಚುವುದನ್ನು ನಿಮಿಷಗಳ ಬದಲು ದಿನಗಳ ಮೊದಲೇ ಹೇಳಬಹುದು. ಗದ್ದಲವೆಂದು ಅವರು ಹೊರಗಿಟ್ಟ ಸದ್ದು, ಗುಡ್ಡದ ಒಳಗನ್ನು ನೋಡಲು ಇದ್ದ ದೀಪವಾಗಿತ್ತು. ಮಂಗಳವಾರ ಬಿದ್ದ ಬಂಡೆಯ ಸುಳಿವು ಹಿಂದಿನ ಗುರುವಾರವೇ ಸಿಗುತ್ತಿತ್ತು. ಆ ಹೊತ್ತಿಗೆ ಲಾಸ್ಯಾ ಮಗ್ಗದ ಕುಣಿಯಲ್ಲಿ ಇರುತ್ತಿರಲಿಲ್ಲ, ಬೇರೆ ಮನೆಯಲ್ಲಿ ಕುಳಿತಿರುತ್ತಿದ್ದಳು.

'ಮಗ್ಗದ ವಿಧಾನ' ಈಗ ಎಲ್ಲ ಕಡೆಗೂ ಹೋಗಿದೆ. ಗಿರಣಿ ಇರುವಲ್ಲಿ ಗಿರಣಿಯ ಸದ್ದು, ಕಮ್ಮಾರಸಾಲೆ ಇರುವಲ್ಲಿ ಸುತ್ತಿಗೆಯ ಸದ್ದು. ಕೆಂಗುಡ್ಡದಲ್ಲಿ ಆಮೇಲೆ ಎಂಟು ಬಂಡೆಗಳನ್ನು, ಅವು ಬೀಳುವ ಮೊದಲೇ, ಹಗ್ಗ ಕಟ್ಟಿ ಇಳಿಸಿದ್ದಾರೆ. ಶಾಲ್ಮಲಾಗೆ ಇದಕ್ಕಾಗಿ ದೊಡ್ಡ ಗೌರವಗಳು ಬಂದವು. ಅಭಿನಂದಿಸಿದವರ ಮುಖ ನೋಡಿ ಮಾತಾಡಲು ಅವರಿಗೆ ಆಗುತ್ತಿರಲಿಲ್ಲ.

ಧಾರವಾಡದ ತಮ್ಮ ಮೇಜಿನ ಮೇಲೆ ಅವರು ಈಗಲೂ ಬೆಳಗ್ಗೆ ಆರಕ್ಕೆ ಆ ಓಣಿಯನ್ನು ತೆರೆಯುತ್ತಾರೆ. ಮಗ್ಗಗಳು ಒಂದೊಂದಾಗಿ ಏಳುವುದು ಕಾಣುತ್ತದೆ: ನಲವತ್ತನೆಯ ಮೀಟರಿನಲ್ಲಿ ಅವಸರದ್ದು, ನೂರ ಹತ್ತರಲ್ಲಿ ನಿಧಾನದ್ದು. ಎಣಿಸಿದರೆ ನಲವತ್ತೊಂದು. ಮುನ್ನೂರ ಹದಿನೆಂಟನೆಯ ಮೀಟರಿನಲ್ಲಿ ಹೊಸ ಗೋಡೆ ಎದ್ದಿದೆ, ಮಗ್ಗಕ್ಕೆ ಹೊಸ ಕಂಬ ಹಾಕಿದ್ದಾರೆ. ಅಲ್ಲಿ ಒಲೆಯ ಸದ್ದಿದೆ, ಕೊಡ ಇಳಿಸಿದ ಸದ್ದಿದೆ, ನಡೆದಾಡುವ ಹೆಜ್ಜೆಗಳಿವೆ. ಅವರ ಎಳೆಗೆ ಈಗ ಎಲ್ಲವೂ ಕೇಳುತ್ತದೆ, ಆದ್ದರಿಂದ ಅಲ್ಲಿ ಇಲ್ಲದಿರುವುದೂ ಕೇಳುತ್ತದೆ.

ಇವೆಲ್ಲ ಮುಂದೆ ನಡೆಯಬೇಕಾದ ಮಾತುಗಳು. ಲಾಸ್ಯಾ ಇನ್ನೂ ಹುಟ್ಟಿಲ್ಲ. ಆದರೆ ಗಾಜಿಗೆ ತುಕ್ಕು ಹಿಡಿಯುವುದಿಲ್ಲ. ಒಮ್ಮೆ ಹೂಳಿದ ಎಳೆ ಮೂವತ್ತು ನಲವತ್ತು ವರ್ಷ ನೆಲದಲ್ಲಿರುತ್ತದೆ. ನಮ್ಮ ಮನೆಗಳ ಮುಂದೆ, ಅಂಗಳದ ರಂಗೋಲಿ ಅಳಿಸಿ, ರಸ್ತೆ ಅಗೆದು, ಈ ವಾರವೂ ಅದನ್ನು ಹೂಳುತ್ತಿದ್ದಾರೆ. ನಾವು ಸೀರೆಯ ನೆರಿಗೆ ಎತ್ತಿ ಗುಂಡಿ ದಾಟಿ ಹಾಲು ತರಲು ಹೋಗುತ್ತೇವೆ. ಯಾವ ಓಣಿಗೆ ಎಂಥ ಕೇಬಲ್ಲು ಎಂದು ಯಾರೋ ಒಂದು ಕಾಗದದ ಮೇಲೆ ಗುರುತು ಹಾಕಿದ್ದಾರೆ. ಅವರು ಆ ಓಣಿಯಲ್ಲಿ ಒಮ್ಮೆಯಾದರೂ ಇಳಿದು ನಡೆದಿದ್ದಾರೆಯೇ ಎಂದು ನಾವು ಯಾರೂ ಇದುವರೆಗೆ ಕೇಳಿಲ್ಲ.